ಎಡಗೈಗೆ ಕಲಿಸಿದ ಹೂದಾನಿ

ಆ ಚಪ್ಪಟೆ ಉಳಿಯನ್ನು ಬಾಯಿ ಹೊರಗೆ ಮಾಡಿ ಬೆಂಚಿನ ಮೇಲೆ ಇಟ್ಟವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಆದದ್ದಕ್ಕೆಲ್ಲ ಮರದ ಗಂಟನ್ನೋ ಕರೆಂಟನ್ನೋ ದೂರಿದರೆ ಕೇಳುವವರು ನಂಬಿಯಾರು. ಆದರೆ ಹರಿತ ಮಾಡಿದ ಉಳಿಯ ಬಾಯಿ ಯಾವತ್ತೂ ಗೋಡೆಯ ಕಡೆ ಇರಬೇಕು ಎಂದು ನಮ್ಮ ಯಜಮಾನರು ಕೆಲಸ ಕಲಿಸಿದ ಮೊದಲ ದಿನವೇ ಹೇಳಿದ್ದರು.

ತೊಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ಶಿರಸಿಯಲ್ಲಿ ಒಂದು ಸಾಮಿಲ್ಲಿನ ಬೆನ್ನಿಗೆ ತಗಡು ಹೊದಿಸಿದ ಶೆಡ್ಡು. ಅದರಲ್ಲಿ ಎರಡು ಲೇತು. ಒಂದು ಯಜಮಾನರದ್ದು, ಇನ್ನೊಂದು ನನ್ನದು. ತೊಟ್ಟಿಲ ಕಾಲು, ಮಂಚದ ಕಾಲು, ಲಟ್ಟಣಿಗೆ, ಕಡಗೋಲು ಎಲ್ಲ ಕಡೆಯುತ್ತಿದ್ದೆವು. ಮರದ ತುಂಡು ಗಿರ್ರನೆ ತಿರುಗುತ್ತಿರುತ್ತದೆ. ಅದರ ಮುಂದೆ ಅಡ್ಡಕ್ಕೊಂದು ಕಬ್ಬಿಣದ ಪಟ್ಟಿ. ಎಡಗೈ ಉಳಿಯನ್ನು ಆ ಪಟ್ಟಿಗೆ ಒತ್ತಿ ಹಿಡಿಯಬೇಕು, ಬಲಗೈ ಹಿಡಿಯನ್ನು ಆಡಿಸಬೇಕು. ಮರಕ್ಕೆ ಆಕಾರ ಬರುವುದು ಬಲಗೈಯಿಂದ. ಹನ್ನೊಂದು ವರ್ಷ ನಾನು ಹಾಗೇ ತಿಳಿದಿದ್ದೆ.

ಮಳೆಗಾಲ ಹಿಂದೆ ಸರಿದ ಒಂದು ಬೆಳಿಗ್ಗೆ ತೊಟ್ಟಿಲ ಕಾಲು ಕಡೆಯುವಾಗ ಉಳಿ ಗಂಟಿಗೆ ಕಚ್ಚಿತು. ತುಂಡು ಹಾರಿತು. ತಪ್ಪಿಸಿಕೊಳ್ಳಲು ಹಿಂದೆ ಸರಿದವನು ಬೀಳದಿರಲೆಂದು ಬಲಗೈಯನ್ನು ಬೆಂಚಿಗೆ ಊರಿದೆ. ಊರಿದ್ದು ಬೆಂಚಿನ ಮೇಲಿದ್ದ ಆ ಚಪ್ಪಟೆ ಉಳಿಯ ಬಾಯಿಯ ಮೇಲೆ. ಮಣಿಕಟ್ಟಿನ ಒಳಬದಿ ಸೀಳಿತು. ನೋವು ಆಮೇಲೆ ಬಂತು. ಮೊದಲು ಕಂಡದ್ದು ಹೆಬ್ಬೆರಳು ಯಾರದೋ ಬೆರಳಿನಂತೆ ಜೋತುಬಿದ್ದದ್ದು.

ಯಜಮಾನರು ಸಿಕ್ಕ ಜೀಪಿನಲ್ಲಿ ಹುಬ್ಬಳ್ಳಿಗೆ ಒಯ್ದರು. ಬೆರಳನ್ನು ಎಳೆಯುವ ನರ ತುಂಡಾಗಿದೆ ಎಂದು ಅಲ್ಲಿಯ ಡಾಕ್ಟರು ಜೋಡಿಸಿ ಹೊಲಿದರು. ಮನೆಗೆ ಕಳಿಸುವಾಗ ಇಂಗ್ಲಿಷಿನಲ್ಲಿ ಬರೆದ ಒಂದು ಹಾಳೆ ಕೊಟ್ಟು, ಕಟ್ಟು ಬದಲಿಸಲು ಊರ ಹತ್ತಿರದ ಆಸ್ಪತ್ರೆಗೆ ಹೋಗಿ ಇದನ್ನು ತೋರಿಸಬೇಕೆಂದರು. ನನ್ನ ಮನೆ ಸಿದ್ದಾಪುರದ ಕಡೆಯ ಮನ್ಮನೆಯ ಹತ್ತಿರ. ಹಾಗಾಗಿ ಸಿದ್ದಾಪುರದ ಆಸ್ಪತ್ರೆಗೆ ಹೋಗತೊಡಗಿದೆ.

ಅಲ್ಲಿಯ ಡ್ರೆಸ್ಸಿಂಗ್ ಕೋಣೆಯಲ್ಲಿದ್ದವರು ಧಾರವಾಡ ಕಡೆಯ ಒಬ್ಬ ಸಿಸ್ಟರು. ನಲವತ್ತೈದು ದಾಟಿದ, ಗಟ್ಟಿ ದನಿಯ ಹೆಂಗಸು. ಮೊದಲ ದಿನ ನನ್ನ ಹಾಳೆಯನ್ನು ಎರಡು ಸಲ ಓದಿದರು, ಮಡಚಿ ಮೇಜಿನ ಖಾನೆಯಲ್ಲಿ ಇಟ್ಟರು. ಕೈ ಮೊದಲಿನಂತೆ ಆಗುತ್ತದೆಯೇ ಎಂದು ಕೇಳಿದೆ.

“ಕಟ್ಟ ಬಿಚ್ಚಿ ಮೂರ ತಿಂಗಳದಾಗ ಬರೋಬ್ಬರಿ ಆಗ್ತದ,” ಎಂದರು. “ನಾ ಹೇಳಿದಂಗ ಮಾಡ್ರಿ, ಅಷ್ಟ.”

ದಿನ ಬಿಟ್ಟು ದಿನ ಹೋಗುತ್ತಿದ್ದೆ. ಆ ಕೋಣೆಯ ಕಿಟಕಿಯಲ್ಲಿ ಒಂದು ಖಾಲಿ ಸಲೈನ್ ಬಾಟಲಿ, ಅದರಲ್ಲಿ ಯಾವಾಗಲೂ ಹೂವು. ಗೊರಟೆ, ಕರವೀರ, ಏನೂ ಇಲ್ಲದ ದಿನ ರಸ್ತೆ ಪಕ್ಕದ ಮಣ್ಣಿನ ದರೆಯ ಮೇಲಿನ ಜರಿಗಿಡದ ಎರಡು ಎಲೆ. ಸಿಸ್ಟರು ಬರುವ ದಾರಿಯಲ್ಲಿ ಕೊಯ್ದು ತರುತ್ತಿದ್ದರಂತೆ. ಗಾಯಕ್ಕೆ ಅಂಟಿದ ಬಟ್ಟೆ ಎಳೆಯುವ ಮೊದಲು ಎಲ್ಲರಿಗೂ ಅವರ ಅಪ್ಪಣೆ ಒಂದೇ: ಗಾಯ ನೋಡಬೇಡಿ, ಹೂ ನೋಡಿ. ಹೊಲಿಗೆ ಬಿಚ್ಚುವ ದಿನ ನಾನು ಬಿಳಿ ಗೊರಟೆಯ ಒಂದೊಂದು ಎಸಳನ್ನೂ ನೋಡಿದ್ದೇನೆ. ಅದೇ ದಿನ ಗಾಳಿಗೆ ಕಿಟಕಿಯ ಬಾಗಿಲು ಬಡಿದು ಬಾಟಲಿ ಉರುಳಿತು. ಒಡೆಯಲಿಲ್ಲ. ಆದರೆ ನೀರು ಹತ್ತಿಯ ಡಬ್ಬಿಗೆಲ್ಲ ಹೋಯಿತು. ಸಿಸ್ಟರು ಬೈದುಕೊಳ್ಳುತ್ತ ಒರೆಸಿದರು.

ಬುಡ ಅಗಲವಿರುವ, ಉರುಳದ ಒಂದು ಮರದ ಹೂದಾನಿ ಇವರಿಗೆ ಕಡೆದು ಕೊಡಬೇಕು ಎಂದು ಬಸ್ಸಿನಲ್ಲಿ ಬರುವಾಗ ನಿಶ್ಚಯಿಸಿದೆ. ಕೈ ಸರಿಯಾದ ಮೇಲೆ ಮಾಡುವ ಮೊದಲ ಕೆಲಸ ಅದೇ ಆಗಲಿ ಎಂದು ಹೆಂಡತಿಗೂ ಹೇಳಿದೆ. ಕೈ ಸರಿಯಾಗದಿದ್ದರೆ ಎಂಬುದನ್ನು ನಾನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಕಟ್ಟು ಬಿಚ್ಚಿದ ಮೇಲೆ ಶುರುವಾದದ್ದು ಚಪಾತಿ ಹಿಟ್ಟಿನ ಉಂಡೆ. ದಿನಾ ಬೆಳಿಗ್ಗೆ ಅದನ್ನು ಬಲಗೈಯಲ್ಲಿ ಹಿಚುಕಬೇಕು, ಆಮೇಲೆ ಬೆಚ್ಚಗಿನ ನೀರಿನಲ್ಲಿ ಕೈ ಇಟ್ಟು ಹೆಬ್ಬೆರಳನ್ನು ಒಂದೊಂದೇ ಬೆರಳಿಗೆ ತಾಗಿಸಬೇಕು. ಕಿರುಬೆರಳು, ಉಂಗುರದ ಬೆರಳು, ನಡುಬೆರಳು ಮೆಲ್ಲಗೆ ಮಾತು ಕೇಳಿದವು. ಹೆಬ್ಬೆರಳೂ ತೋರುಬೆರಳೂ ಅರ್ಧಕ್ಕೆ ಬಂದು ನಿಂತವು. ಕೆಲವು ದಿನ ಬೇಸರ ಬಂದು ಹಿಟ್ಟನ್ನು ಮುಟ್ಟುತ್ತಿರಲಿಲ್ಲ. ಮುಟ್ಟದ ದಿನಗಳೆಲ್ಲ ನನಗೆ ಲೆಕ್ಕ ಇಟ್ಟಂತೆ ನೆನಪಿದ್ದವು.

ಸಂಕ್ರಾಂತಿ ಕಳೆದ ಮೇಲೆ ಶೆಡ್ಡಿಗೆ ಹೋದೆ. ಯಜಮಾನರು ಮರಳುಕಾಗದ ತಿಕ್ಕುವ ಕೆಲಸ ಕೊಟ್ಟರು. ನನ್ನ ಲೇತಿನ ಮೇಲೆ ಗೋಣಿ ಹೊದಿಸಿತ್ತು. ಭಾನುವಾರ ಶೆಡ್ಡಿಗೆ ರಜೆ. ಆ ದಿನ ಬಂದು ನನ್ನದೊಂದು ಕೆಲಸ ಮಾಡಿಕೊಳ್ಳಲೇ ಎಂದು ಕೇಳಿದಾಗ ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿ ಒಪ್ಪಿದರು.

ಮೊದಲ ಭಾನುವಾರದ ಬಸ್ಸು ಇವತ್ತೂ ಕಣ್ಣಿಗೆ ಕಟ್ಟಿದಂತಿದೆ. ಸಿದ್ದಾಪುರದಿಂದ ಬೆಳಗಿನ ಮೊದಲ ಗಾಡಿ, ಒಳಗೆಲ್ಲ ಸೇವಂತಿಗೆ ಬುಟ್ಟಿಯ ವಾಸನೆ, ಕಿಟಕಿಯ ಗಾಜಿಗೆ ಇಬ್ಬನಿ. ಕರೆಂಟು ಹನ್ನೊಂದರವರೆಗೆ ಮಾತ್ರ ಇರುತ್ತಿತ್ತು, ಅಷ್ಟರಲ್ಲಿ ಮಾಡಿದ್ದೇ ಕೆಲಸ. ನನ್ನ ಬಳಿ ಒಂದು ಬೀಟೆಯ ತುಂಡಿತ್ತು, ಹಳೆಯ ಮಂಚದ ಕಾಲು. ಕೊಡುವುದಿದ್ದರೆ ಬೀಟೆಯದ್ದೇ ಕೊಡಬೇಕು ಎಂಬ ಜಂಬ. ಹೊರಗಿನ ಒರಟನ್ನು ತೆಗೆಯುವಷ್ಟರಲ್ಲಿ ಉಳಿ ನಾಲ್ಕು ಸಲ ಕಚ್ಚಿತು. ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದೇನೆಂದು ನಾನು ತಿಳಿದಿದ್ದೆ, ಆದರೆ ಹೆಬ್ಬೆರಳು ಆಗಲೇ ಸಡಿಲವಾಗಿರುತ್ತಿತ್ತು. ಐದನೇ ಸಲ ತುಂಡು ಲೇತಿನಿಂದ ಕಿತ್ತು ತಗಡಿನ ಗೋಡೆಗೆ ಬಡಿದು ಉದ್ದಕ್ಕೆ ಸೀಳಿತು.

ಮುಂದಿನ ವಾರ ಮೆತ್ತಗಿನ ಮರ ತೆಗೆದುಕೊಂಡೆ. ದೊಡ್ಮನೆ ಕಡೆ ಯಾರೋ ಮನೆ ರಿಪೇರಿ ಮಾಡಿಸಿದಾಗ ಬಂದ ಹಲಸಿನ ಬಾಗಿಲುವಾಡದ ತುಂಡುಗಳು ನಮ್ಮ ಅಟ್ಟದಲ್ಲಿದ್ದವು. ಹಳೆಯ ಹಲಸು ಚೆನ್ನಾಗಿ ಒಣಗಿರುತ್ತದೆ, ಬಾಗುವುದಿಲ್ಲ. ಹೊರಮೈ ಹೇಗೋ ಬಂತು. ಒಳಗೆ ಕೊರೆಯುವಾಗ ಉಳಿಗೆ ಅಷ್ಟು ದೂರ ಆಸರೆ ಇರುವುದಿಲ್ಲ, ಎಲ್ಲ ಭಾರವೂ ಹಿಡಿ ಹಿಡಿದ ಕೈಯ ಮೇಲೆ. ಎರಡು ಬೆರಳು ಆಳ ಹೋಗುವಷ್ಟರಲ್ಲಿ ಗೋಡೆ ಒಡೆದು ಹೋಳಾಯಿತು. ಆ ದಿನ ಯಜಮಾನರು ಏನೋ ಮರೆತದ್ದು ಒಯ್ಯಲು ಶೆಡ್ಡಿಗೆ ಬಂದಿದ್ದರು. ಬಾಗಿಲಲ್ಲೇ ನಿಂತು ನೋಡಿದ್ದಾರೆ.

“ಪಾಲಿಶ್ ಕೆಲ್ಸವೂ ಕೆಲ್ಸವೇ ಮಾರಾಯ,” ಎಂದರು. “ಉಳಿ ನಾ ನೋಡ್ಕಳ್ತೆ. ನೀ ಅದನ್ನ ಬಿಡು.”

ಬೈದಿದ್ದರೆ ಎದುರು ಮಾತಾಡಬಹುದಿತ್ತು. ಅವರು ಅಷ್ಟು ಮೆತ್ತಗೆ ಹೇಳಿದ್ದು ನನ್ನನ್ನು ಕುಸಿಯುವಂತೆ ಮಾಡಿತು. ಆ ವಾರ ಸಿಸ್ಟರ ಹತ್ತಿರ ಹೋದಾಗ, ಮೂರು ತಿಂಗಳು ಆಯಿತಲ್ಲ ಎಂದೆ. ಇನ್ನೂ ಸ್ವಲ್ಪ ಹಿಚುಕಿ ಎಂದರು, ನನ್ನ ಮುಖ ನೋಡದೆ. ಹಿಟ್ಟು ಮುಟ್ಟದ ದಿನಗಳು ಅವರಿಗೆ ತಿಳಿದಿವೆ ಎಂದು ನಾನು ಅಂದುಕೊಂಡೆ.

ಕೆಲಸದ ದಾರಿ ಬದಲಾದದ್ದು ನಮ್ಮ ಮನೆಯ ಬಾವಿಯ ಕಟ್ಟೆಯಲ್ಲಿ. ಹೆಂಡತಿಗೆ ಜ್ವರ, ನೀರು ನಾನೇ ಸೇದುತ್ತಿದ್ದೆ. ನಾಲ್ಕನೆಯದೋ ಐದನೆಯದೋ ಕೊಡ ಎಳೆಯುವಾಗ ನನ್ನ ಕೈಗಳ ಕಡೆ ಕಣ್ಣು ಹೋಯಿತು. ಹಗ್ಗ ಎಳೆಯುತ್ತಿದ್ದದ್ದು ಎಡಗೈ. ಬಲಗೈ ಬರೀ ಹಗ್ಗ ಜಾರದಂತೆ ಅಂಗೈಯಿಂದ ಒತ್ತಿ ಹಿಡಿಯುತ್ತಿತ್ತು. ಇಷ್ಟು ತಿಂಗಳಲ್ಲಿ ಅವು ತಮ್ಮತಮ್ಮಲ್ಲೇ ಕೆಲಸ ಹಂಚಿಕೊಂಡಿದ್ದವು, ನನ್ನನ್ನು ಕೇಳಿರಲಿಲ್ಲ. ಲೇತಿನಲ್ಲೂ ಒಂದು ಕೈ ಒತ್ತಬೇಕು, ಒಂದು ಕೈ ಆಡಿಸಬೇಕು. ಒತ್ತುವುದಕ್ಕೆ ಹೆಬ್ಬೆರಳು ಬೇಡ. ಕೊಡವನ್ನು ಕಟ್ಟೆಯ ಮೇಲಿಟ್ಟು ಅಲ್ಲೇ ಕೂತೆ. ಹನ್ನೊಂದು ವರ್ಷದ ಅಭ್ಯಾಸವನ್ನು ಬಿಟ್ಟು, ಎಡಗೈಗೆ ಅ ಆ ಇ ಈಯಿಂದ ಕಲಿಸಬೇಕು. ಆಗದಿದ್ದರೆ ಪಾಲಿಶ್ ಕೆಲಸ ಇದ್ದೇ ಇದೆ. ಮಾಡಿಯೇ ನೋಡುವುದು ಎಂದು ನಿರ್ಧರಿಸಿದೆ.

ಮರುದಿನ ಯಜಮಾನರಿಗೆ ಹೇಳಿದೆ. ಅವರು ನನ್ನನ್ನು ಲೇತಿನ ಮುಂದೆ ನಿಲ್ಲಿಸಿ ಉಳಿಯನ್ನು ಎಡಗೈಗೆ ಕೊಟ್ಟು, ಅಂಗೈಯಿಂದ ಕಂಕುಳಿನವರೆಗೆ ಒಂದು ಕಡ್ಡಿಯಿಂದ ಅಳತೆ ತೆಗೆದರು. ಶನಿವಾರ ಸಂಜೆ ನೋಡಿದರೆ ಬಾಗಿದ ಬಾಯಿಯ ಉಳಿಗೆ ಪೇರಲೆ ಮರದ ಹೊಸ ಹಿಡಿ ಹಾಕಿಟ್ಟಿದ್ದರು, ಮೊದಲಿನದಕ್ಕಿಂತ ಎರಡು ಪಟ್ಟು ಉದ್ದ. ಅಷ್ಟು ಉದ್ದವಿದ್ದರೆ ಹಿಡಿಯ ತುದಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಳ್ಳಬಹುದು. ಉಳಿ ಕಚ್ಚಿದರೂ ಪೆಟ್ಟು ಬೆರಳಿಗೆ ಬರುವುದಿಲ್ಲ, ಮೈಗೆ ಬರುತ್ತದೆ. ಉಳಿಯನ್ನು ಕೈಯಿಂದ ಆಡಿಸುವ ಬದಲು ಸೊಂಟದಿಂದ ಆಡಿಸಬೇಕು.

ಸೊಂಟಕ್ಕೆ ಅದನ್ನು ಕಲಿಸಲು ಎಂಟು ಭಾನುವಾರ ಹಿಡಿಯಿತು. ರದ್ದಿ ತುಂಡುಗಳಲ್ಲಿ ಲಟ್ಟಣಿಗೆ ಮಾಡಿದೆ, ಬುಗುರಿ ಮಾಡಿದೆ. ಮೊದಮೊದಲು ಎಲ್ಲವೂ ಒಂದು ಕಡೆ ದಪ್ಪ. ಕಣ್ಣು ಹಳೆಯ ಕಡೆಯೇ ನೋಡುತ್ತಿತ್ತು, ಕಾಲು ಹಳೆಯ ಜಾಗದಲ್ಲೇ ನಿಲ್ಲುತ್ತಿತ್ತು. ಕಾಲಿಡುವ ಜಾಗವನ್ನು ಸುಣ್ಣದಲ್ಲಿ ನೆಲಕ್ಕೆ ಗುರುತು ಹಾಕಿಕೊಂಡೆ. ಆ ಬೆಳಗುಗಳನ್ನು ನೆನೆದರೆ ಅಲ್ಲಿಗೇ ಮರಳಬೇಕೆಂದು ಈಗ ವಿಚಿತ್ರವಾದ ಆಸೆ ಆಗುತ್ತದೆ. ಮೂವತ್ತಮೂರು ವರ್ಷದ ಗಂಡಸು ಹೊಸದಾಗಿ ಕೆಲಸ ಕಲಿಯುವವನಂತೆ ತಪ್ಪು ಮಾಡುತ್ತ ನಿಂತಿದ್ದ ಹೊತ್ತು. ತಗಡಿನ ತೂತಿನಿಂದ ಬಿದ್ದ ಬಿಸಿಲಲ್ಲಿ ಹಲಸಿನ ಹಳದಿ ಪುಡಿ ತೇಲುತ್ತಿದ್ದದ್ದು. ಸುರುಳಿಸುರುಳಿಯಾಗಿ ಸಿಪ್ಪೆ ಮೊದಲ ಸಲ ಎಡಗೈಗೆ ಬಂದಾಗ ನಾನೊಬ್ಬನೇ ನಕ್ಕದ್ದು. ಆ ಶೆಡ್ಡು ಈಗಿಲ್ಲ. ಅಲ್ಲಿ ಟೈಲ್ಸ್ ಮಾರುತ್ತಾರೆ.

ಏಪ್ರಿಲ್ಲಿನಲ್ಲಿ ಹೂದಾನಿ ಕೈಗೂಡಿತು. ಮರದ ತುಂಡನ್ನು ಬುಡದ ಕಡೆಯಿಂದ ಒಂದು ಕಬ್ಬಿಣದ ಬಿಲ್ಲೆಗೆ ಸ್ಕ್ರೂ ಹಾಕಿ ಲೇತಿಗೆ ಕೂರಿಸಿ, ಹೊರಮೈ ಮುಗಿಸಿ, ಆಮೇಲೆ ಬಾಯಿಯಿಂದ ಒಳಕ್ಕೆ ಕೊರೆದೆ. ಅಗಲ ಬುಡ, ಸಣ್ಣ ಕೊರಳು, ಅರಳಿದ ಬಾಯಿ. ಅರಗಿನ ಪಾಲಿಶನ್ನು ಒಳಗೂ ಹೊರಗೂ ಐದು ಕೈ ಬಳಿದೆ. ಮನೆಗೆ ತಂದು ತೋರಿಸಿದರೆ ಹೆಂಡತಿ ತಿರುಗಿಸಿ ತಿರುಗಿಸಿ ನೋಡಿ, ಚಂದ ಆಗಿದೆ ಎಂದಳು. ಆಮೇಲೆ ಕೇಳಿದಳು:

“ಆ ಸಿಸ್ಟರು ನೀರು ಹಾಕಿ ದಿನಾ ಹೂ ಇಡ್ತಾರಲ್ಲ. ಮರಕ್ಕೆ ನೀರು ಹೊಯ್ದರೆ ಎಂತ ಆಗ್ತದೆ?”

ಪಾಲಿಶ್ ಇದೆ, ಏನೂ ಆಗುವುದಿಲ್ಲ ಎಂದೆ. ಅವಳು ವಾದ ಮಾಡಲಿಲ್ಲ. ತಂಬಿಗೆಯಿಂದ ನೀರು ತುಂಬಿಸಿ ಕಿಟಕಿಯಲ್ಲಿಟ್ಟಳು. ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನ ಒಳಗಿನ ಪಾಲಿಶ್ ಬೆಳ್ಳಗಾಯಿತು. ಮೂರನೆಯ ದಿನ ಬುಡ ಉಬ್ಬಿ, ಕೂದಲೆಳೆಯಷ್ಟು ಸೀಳು ಕಾಣಿಸಿ, ಕಿಟಕಿಯ ಕಟ್ಟೆ ಒದ್ದೆಯಾಯಿತು. ಎಂಟು ಭಾನುವಾರ ಕಲಿತು ಮಾಡಿದ ಕೆಲಸದಲ್ಲಿ, ಮರ ಕಡೆಯುವವನಿಗೆ ಎಲ್ಲಕ್ಕಿಂತ ಮೊದಲು ಹೊಳೆಯಬೇಕಾದದ್ದೇ ನನಗೆ ಹೊಳೆದಿರಲಿಲ್ಲ. ಕೈಯ ಚಿಂತೆಯಲ್ಲಿ ಹೂವಿನ ಚಿಂತೆಯನ್ನೇ ಬಿಟ್ಟಿದ್ದೆ.

ಅದೇ ವಾರ ಸಿಸ್ಟರಿಗೆ ಯಲ್ಲಾಪುರಕ್ಕೆ ವರ್ಗವಾಯಿತೆಂದು ತಿಳಿಯಿತು. ಎರಡು ವಾರದಲ್ಲಿ ಹೊರಡುತ್ತಾರೆ. ಎರಡು ವಾರ ಎಂದರೆ ನನಗೆ ಎರಡೇ ಭಾನುವಾರ.

ಒಡೆದದ್ದನ್ನು ಮೇಣ ತುಂಬಿ ಕೊಟ್ಟುಬಿಡಲೇ, ಒಣ ಹೂ ಇಡಲು ಹೇಳಲೇ ಎಂದೆಲ್ಲ ಯೋಚಿಸಿದೆ. ಹೆಂಡತಿ ಒಳಗೆ ಹೋಗಿ ನಮ್ಮ ಮದುವೆಯಲ್ಲಿ ಬಂದ ಸ್ಟೀಲಿನ ಉದ್ದ ಲೋಟ ಒಂದನ್ನು ತಂದಳು. ಅದರ ಮೈಮೇಲೆ ಅವಳ ಸೋದರತ್ತೆಯ ಹೆಸರು ಕೊರೆದಿತ್ತು.

“ಇದು ಒಳಗೆ ಕೂರುವ ಹಾಗೆ ಕಡೀರಿ,” ಎಂದಳು. “ನೀರು ಇದರಲ್ಲಿ ಇರಲಿ. ಮರ ಹೊರಗೆ ಚಂದಕ್ಕೆ ಇರಲಿ.”

ಲೋಟ ಮೇಲೆ ಅಗಲ, ಕೆಳಗೆ ಸಣ್ಣ. ಹಾಗಾದರೆ ಹೂದಾನಿಗೆ ಸಣ್ಣ ಕೊರಳು ಮಾಡುವಂತಿಲ್ಲ. ಬಾಯಿಯಿಂದ ಬುಡದವರೆಗೆ ಒಳಗೆ ನೇರ ಇಳಿಜಾರು ಬೇಕು. ನಾನು ಇಷ್ಟಪಟ್ಟು ಮಾಡಿದ್ದ ಆಕಾರವನ್ನೇ ಬಿಟ್ಟೆ. ಕೈವಾರದಿಂದ ಲೋಟದ ಅಳತೆಯನ್ನು ನಾಲ್ಕು ಕಡೆ ತೆಗೆದು ಹಲಗೆಯ ಮೇಲೆ ಗೆರೆ ಹಾಕಿಕೊಂಡೆ. ಮೊದಲ ಭಾನುವಾರ ಹೊರಮೈ ಮುಗಿಸಿ ಒಳಗೆ ಅರ್ಧ ಕೊರೆಯುವಷ್ಟರಲ್ಲಿ ಕರೆಂಟು ಹೋಯಿತು, ಆ ದಿನ ಮತ್ತೆ ಬರಲಿಲ್ಲ. ಎರಡನೆಯ ಭಾನುವಾರ ಯಜಮಾನರೂ ಬಂದರು. ಬಂದವರು ತಮ್ಮ ಲೇತಿನ ಬೆಲ್ಟಿಗೆ ಮೇಣ ಹಚ್ಚುತ್ತ ಕೂತರು, ನನ್ನ ಕಡೆ ತಿರುಗಲಿಲ್ಲ. ಸ್ವಲ್ಪ ಕೊರೆಯುವುದು, ಮಷೀನು ನಿಲ್ಲಿಸುವುದು, ಲೋಟ ಇಳಿಸುವುದು, ಎಲ್ಲಿ ತಾಗಿತೆಂದು ಪೆನ್ಸಿಲ್ ಗುರುತು ನೋಡುವುದು, ಮತ್ತೆ ಕೊರೆಯುವುದು. ಗೋಡೆ ತೆಳ್ಳಗಾದಂತೆ ಉಳಿಯ ಸದ್ದು ಬದಲಾಗುತ್ತದೆ. ದಪ್ಪ ಮರ ಗೊರಗೊರ ಎನ್ನುತ್ತದೆ, ತೆಳು ಮರಕ್ಕೆ ಒಂದು ಸಣ್ಣ ಶಿಳ್ಳೆಯ ದನಿ. ಬುಡದ ಹತ್ತಿರ ಆ ಶಿಳ್ಳೆ ಬಂದ ಕೂಡಲೇ ಅತ್ತಲಿಂದ ಯಜಮಾನರು, “ಸಾಕು,” ಎಂದರು.

ಉಳಿ ತೆಗೆದೆ. ಲೋಟ ಇಳಿಸಿದರೆ ಅಂಚು ಮರದ ಬಾಯಿಗೆ ಸಮನಾಗಿ ಕೂತಿತು, ಅಲುಗಲಿಲ್ಲ. ಪಾಲಿಶನ್ನು ಬಟ್ಟೆಯ ಉಂಡೆಯಲ್ಲಿ ಅದ್ದಿ, ತಿರುಗುವ ಮರಕ್ಕೆ ಒತ್ತಿ ಹಿಡಿದದ್ದು ಬಲಗೈ.

ಸೋಮವಾರ ಸಿದ್ದಾಪುರಕ್ಕೆ ಹೋದರೆ ಸಿಸ್ಟರು ಎರಡು ದಿನ ಮೊದಲೇ ಹೋಗಿಬಿಟ್ಟಿದ್ದರು. ಕಿಟಕಿಯಲ್ಲಿ ಬಾಟಲಿಯೂ ಇರಲಿಲ್ಲ. ಹೂದಾನಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಮರುದಿನ ಶಿರಸಿಗೆ ಬಂದು ಯಲ್ಲಾಪುರದ ಬಸ್ಸು ಹತ್ತಿದೆ.

ಅಲ್ಲಿ ಅವರು ವರಾಂಡದಲ್ಲಿ ಮಕ್ಕಳಿಗೆ ಇಂಜಕ್ಷನ್ ಕೊಡುತ್ತಿದ್ದರು. ಸಾಲು ಮುಗಿಯುವವರೆಗೆ ಬೆಂಚಿನ ಮೇಲೆ ಕೂತಿದ್ದೆ. ನನ್ನನ್ನು ಕಂಡು ಅವರು ಟವೆಲ್ಲಿನ ಗಂಟನ್ನು ನೋಡಲೇ ಇಲ್ಲ; ಬಲಗೈ ಹಿಡಿದು ಹೆಬ್ಬೆರಳು ಮಡಚಲು ಹೇಳಿದರು, ತೋರುಬೆರಳನ್ನು ಎಳೆದು ನೋಡಿದರು. ಅದು ಅರ್ಧಕ್ಕೇ ನಿಂತಿತ್ತು. ಆಮೇಲೆ ಗಂಟು ಬಿಚ್ಚಿದೆ. ಅವರು ಹೂದಾನಿಯನ್ನು ಎತ್ತಿ, ಬುಡ ಸವರಿ, ಒಳಗಿನ ಲೋಟ ಮೇಲೆಳೆದು ಅದರ ಮೇಲಿದ್ದ ಹೆಸರನ್ನು ಗಟ್ಟಿಯಾಗಿ ಓದಿದರು. ಇವರು ಯಾರು ಎಂದು ಕೇಳಿದರು. ಹೆಂಡತಿಯ ಸೋದರತ್ತೆ ಎಂದೆ. ಅವರು ನಕ್ಕರು. ಅವರು ನಕ್ಕದ್ದನ್ನು ನಾನು ಮೊದಲು ನೋಡಿರಲಿಲ್ಲ.

“ಇದನ್ನ ಯಾವ ಕೈಲೆ ಮಾಡಿದ್ರಿ?” ಎಂದು ಕೇಳಿದರು.

ಎಡಗೈಯಲ್ಲಿ ಎಂದೆ. ಬಲಗೈ ಒತ್ತಿ ಹಿಡಿಯುತ್ತದೆ ಅಷ್ಟೇ, ತಪ್ಪು ನನ್ನದೇ, ಎಷ್ಟೋ ದಿನ ಹಿಟ್ಟು ಹಿಚುಕಲೇ ಇಲ್ಲ ಎಂದು ಹೇಳಿಬಿಟ್ಟೆ. ತಿಂಗಳುಗಟ್ಟಲೆ ಹೊತ್ತುಕೊಂಡಿದ್ದ ಮಾತು ಅದು. ಸಿಸ್ಟರು ಲೋಟವನ್ನು ಮೆಲ್ಲಗೆ ಒಳಗಿಳಿಸಿ ಬೆಂಚಿನ ಮೇಲೆ ನನ್ನ ಪಕ್ಕ ಕೂತರು.

“ತಪ್ಪು ನಿಮ್ದಲ್ರಿ,” ಎಂದರು. “ಆ ಹುಬ್ಬಳ್ಳಿ ಕಾಗದದಾಗ ಮೊದಲ ಬರದಿದ್ರು. ಈ ಎರಡು ಬೆರಳು ಪೂರಾ ಬರೂದಿಲ್ಲಂತ. ನಾ ಓದಿ ಮಡಚಿ ಇಟ್ಟೆ.”

ಹಾಗಾದರೆ ಮೂರು ತಿಂಗಳಲ್ಲಿ ಸರಿಯಾಗುತ್ತದೆ ಎಂದದ್ದು ಏಕೆ ಎಂದು ಕೇಳಿದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

“ಮೊದಲನೇ ದಿನಾನ ಖರೇ ಹೇಳಿದ್ರ ನೀವು ಆ ಕೈಗೆ ಕೆಲಸಾನ ಹಚ್ಚತಿರಲಿಲ್ಲ. ಉಳಿದ ಮೂರು ಬೆರಳೂ ಹೋಗತಿದ್ವು. ಆಮ್ಯಾಲೆ ಹೇಳೋಣು ಅಂತ ಮಾಡಿದ್ದೆ. ನೀವು ಪ್ರತಿ ಸರ್ತಿ ಕೇಳತಿದ್ರಿ, ನನಗ ಬಾಯಿ ಬರಲಿಲ್ಲ. ಅದು ನನ್ನ ತಪ್ಪು.”

ಅವರು ಎದ್ದು ಲೋಟಕ್ಕೆ ನೀರು ತುಂಬಿ, ಅಂಗಳದಲ್ಲಿದ್ದ ನಂದಿಬಟ್ಟಲು ಗಿಡದಿಂದ ಒಂದು ರೆಂಬೆ ಮುರಿದು ಅದರಲ್ಲಿ ಹಾಕಿ, ಹೂದಾನಿಯನ್ನು ಮೇಜಿನ ಮೇಲೆ ರೋಗಿಗಳಿಗೆ ಕಾಣುವ ಕಡೆ ಇಟ್ಟರು. ಇನ್ನೊಬ್ಬರು ಕೈಗೆ ಬಟ್ಟೆ ಸುತ್ತಿಕೊಂಡು ಬಂದರು. ನಾನು ಹೊರಟೆ.

ಬಸ್ಸಿನಲ್ಲಿ ಸಿಟ್ಟು ಬಂತು. ಇಷ್ಟು ತಿಂಗಳು ಬೆಳಗಾದರೆ ಆ ಎರಡು ಬೆರಳನ್ನು ಬೈದಿದ್ದೇನೆ, ನನ್ನನ್ನು ಬೈದುಕೊಂಡಿದ್ದೇನೆ. ಒಂದು ಮಾತು ಹೇಳಿದ್ದರೆ ಅಷ್ಟೂ ತಪ್ಪುತ್ತಿತ್ತು. ಆ ಸಿಟ್ಟು ಮಂಚಿಕೇರಿಯವರೆಗೆ ಬಂತು. ಅಲ್ಲಿ ಬಸ್ಸು ಚಹಾಕ್ಕೆ ನಿಂತಾಗ, ಹೇಳಿದ್ದರೆ ನಾನು ಏನು ಮಾಡುತ್ತಿದ್ದೆ ಎಂದು ಕೇಳಿಕೊಂಡೆ. ಹಿಟ್ಟು ಮುಟ್ಟದ ದಿನಗಳು ಒಂದೊಂದಾಗಿ ನೆನಪಾದವು. ಅವರು ಸುಳ್ಳು ಹೇಳಿದ್ದು ಸರಿಯೆಂದು ನಾನು ಹೇಳಲಾರೆ. ಆ ಸುಳ್ಳಿನಿಂದ ಉಳಿದ ಮೂರು ಬೆರಳಿನಲ್ಲೇ ಇಷ್ಟು ವರ್ಷ ಉಂಡಿದ್ದೇನೆ.

ಶಿರಸಿಯಲ್ಲಿ ಇಳಿದವನು ಸಿದ್ದಾಪುರದ ಬಸ್ಸಿಗೆ ಕಾಯದೆ ಶೆಡ್ಡಿಗೆ ನಡೆದೆ. ಯಜಮಾನರು ಬಾಗಿಲು ಹಾಕುತ್ತಿದ್ದರು. ಕೈ ಇನ್ನು ಇಷ್ಟೇ, ಮುಂದೆ ಬರುವುದಿಲ್ಲವಂತೆ ಎಂದು ಹೇಳಿದೆ. ಅವರು ನನ್ನ ಲೇತಿನ ಕಡೆ ನೋಡಿದರು. ಅದರ ಮೇಲೆ ಗೋಣಿ ಇರಲಿಲ್ಲ.

“ನಾಳೆ ನಾ ಹುಲೇಕಲ್ಲಿಗೆ ಮರ ನೋಡಲೆ ಹೋಗ್ತೆ, ತಡ ಆಗ್ತದೆ,” ಎಂದರು. “ನೀ ಬಾಗಿಲು ತೆಗೆದು ತೊಟ್ಟಿಲ ಕಾಲು ಶುರು ಮಾಡು.”

ಕೀಲಿಕೈ ಚಾಚಿದರು. ನಾನು ಎಡಗೈ ನೀಡಿ ತೆಗೆದುಕೊಂಡೆ. ದೊಡ್ಡವರಿಂದ ಎಡಗೈಯಲ್ಲಿ ಏನನ್ನೂ ತೆಗೆದುಕೊಳ್ಳಬಾರದೆಂದು ಇಬ್ಬರೂ ಕಲಿತು ಬೆಳೆದವರು. ಯಜಮಾನರು ಕೀಲಿಯನ್ನು ಆ ಅಂಗೈಯಲ್ಲಿಟ್ಟು, ನನ್ನ ಬೆರಳು ಮಡಚಿ, ಮನೆಯ ಕಡೆ ನಡೆದರು.